ಸೈನೈಡ್ ದಿಬ್ಬದ ಪಕ್ಕದ ತುತ್ತೂರಿ

ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರು ಅಂದರೆ ಬೆಂಗಳೂರಿನ ಜನ ಈಗಲೂ ತಟ್ಟನೆ ಕೇಳುವುದು, ‘ಹಾಗಾದ್ರೆ ನೀವು ತಮಿಳರಾ?’ ಅಂತ. ಅಲ್ಲ ಅಂದರೆ, ‘ಮತ್ತೆ ಅಲ್ಲಿ ಕನ್ನಡ ಯಾರು ಮಾತಾಡ್ತಿದ್ರು?’ ಅನ್ನುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ನಾವು ಚಿಕ್ಕವರಾಗಿದ್ದ ಅರವತ್ತರ ದಶಕದಲ್ಲಿ ಗಣಿ ಕೆಲಸಗಾರರ ಮನೆ ಸಾಲುಗಳಾದ ಲೈನುಗಳ ತುಂಬ ತಮಿಳು. ರಾಬರ್ಟ್‌ಸನ್‌ಪೇಟೆಯ ಅಂಗಡಿ ಸಾಲಿನಲ್ಲಿ ತಮಿಳಿನ ಜೊತೆಗೆ ತೆಲುಗು, ಉರ್ದು. ಕ್ಲಬ್ಬಿನ ಕಡೆ ಇಂಗ್ಲಿಷು. ಕನ್ನಡ ಇದ್ದದ್ದು ಸರ್ಕಾರಿ ಕಚೇರಿಯ ಬೋರ್ಡಿನ ಮೇಲೆ, ಸುತ್ತಲ ಹಳ್ಳಿಗಳಿಂದ ಸೊಪ್ಪು, ಹಾಲು ತಂದು ಮಾರುವವರ ತೆಲುಗು ಬೆರೆತ ಮಾತಿನಲ್ಲಿ, ನಮ್ಮಂಥ ಕೆಲವು ಮನೆಗಳಲ್ಲಿ, ಆಮೇಲೆ ಕನ್ನಡ ಶಾಲೆಯ ಒಂದನೇ ಕ್ಲಾಸಿನಲ್ಲಿ. ಆ ಒಂದನೇ ಕ್ಲಾಸಿನ ಕನ್ನಡ ಅಂದರೆ ಜಿ.ಪಿ. ರಾಜರತ್ನಂ.

ಅವರ ಹೆಸರು ಆಗ ನಮಗೆ ಗೊತ್ತಿರಲಿಲ್ಲ. ಪದ್ಯ ಗೊತ್ತಿತ್ತು. ಪದ್ಯವನ್ನು ಒಬ್ಬರು ಕೂತು ಬರೆದಿರುತ್ತಾರೆ ಅನ್ನುವುದೇ ಹೊಳೆಯದ ವಯಸ್ಸು. ತಗಡಿನ ತುತ್ತೂರಿಯ ಪದ್ಯವೂ ನಾಯಿಮರಿಯ ಪದ್ಯವೂ ನಲ್ಲಿ ನೀರಿನ ಹಾಗೆ, ಶಿಫ್ಟಿನ ಸೈರನ್ನಿನ ಹಾಗೆ ಊರಲ್ಲಿ ಮೊದಲಿಂದ ಇದ್ದವು ಅಂತಲೇ ತಿಳಿದಿದ್ದೆವು.

ಅಪ್ಪ ಗಣಿಯ ಆಫೀಸಿನಲ್ಲಿ ಗುಮಾಸ್ತರು. ಮನೆ ಚಾಂಪಿಯನ್ ರೀಫ್ಸ್ ಕಡೆ. ಜಾನ್ ಟೇಲರ್ ಕಂಪನಿಯವರ ಕೈಯಿಂದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ತೆಗೆದುಕೊಂಡಿತ್ತು, 1962ರಲ್ಲಿ ಕೇಂದ್ರ ಸರ್ಕಾರ. ದೊರೆಗಳು ಹೋಗಿದ್ದರೂ ಬಂಗಲೆ ಬಂಗಲೆಯಾಗಿಯೇ ಇತ್ತು, ಲೈನು ಲೈನಾಗಿಯೇ ಇತ್ತು. ಲೈನಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಎಷ್ಟೋ ಕಡೆ ಮಧ್ಯದ ಗೋಡೆ ಬಿದಿರು ತಟ್ಟಿಯದು. ಒಂದು ಮನೆಯಲ್ಲಿ ಮಗು ಪದ್ಯ ಒಪ್ಪಿಸಿದರೆ ಆಚೆ ಈಚೆ ಮನೆಯವರಿಗೂ ಬಾಯಿಪಾಠ ಆಗುತ್ತಿತ್ತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಅಜ್ಜನ ಕಾಲದಲ್ಲಿ ಬಂದವರ ಮೊಮ್ಮಕ್ಕಳು ನಮ್ಮ ಜೊತೆ ಕನ್ನಡ ಶಾಲೆಗೆ ಬರುತ್ತಿದ್ದರು. ಹೆಚ್ಚು ಜನ ಅಲ್ಲ. ತಮಿಳು ಶಾಲೆ ದೂರ ಅಂತಲೋ, ಕನ್ನಡ ಕಲಿತರೆ ಮುಂದೆ ಸರ್ಕಾರಿ ಕೆಲಸ ಸಿಗುತ್ತದೆ ಅಂತಲೋ ಮನೆಯವರು ಹಾಕಿದ್ದ ಮಕ್ಕಳು.

ನಮ್ಮ ಮೇಷ್ಟ್ರು ಕೋಲಾರದ ಕಡೆಯವರು, ಬೆಳಗಿನ ರೈಲಿಗೆ ಬರುತ್ತಿದ್ದರು. ಪುಸ್ತಕ ಕೈಗೆ ಬರುವ ಮೊದಲೇ ಪದ್ಯ ಬಾಯಿಗೆ ಬರಬೇಕು ಅನ್ನುವುದು ಅವರ ಕ್ರಮ. ಅವರು ಒಂದು ಸಾಲು, ನಾವು ಒಂದು ಸಾಲು. ತುತ್ತೂರಿ ಪದ್ಯ ಮೂರು ದಿನದೊಳಗೆ ಎಲ್ಲರಿಗೂ ಬಂತು, ಜಗಳ ಮಾತ್ರ ವರ್ಷವೆಲ್ಲ ಹರಿಯಲಿಲ್ಲ. ತುತ್ತೂರಿ ಕೊಂಡವನ ಹೆಸರು ಕಸ್ತೂರಿ. ತಮಿಳು ಮನೆಗಳಲ್ಲಿ ಕಸ್ತೂರಿ ಅಂದರೆ ಹುಡುಗಿ. ಪಕ್ಕದ ಲೈನಿನಲ್ಲೇ ಆ ಹೆಸರಿನ ಒಬ್ಬಳಿದ್ದಳು. ‘ಕಸ್ತೂರಿ ಪೊಣ್ಣುದಾನೇ!’ ಅಂತ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು. ಹುಡುಗಿಯೇ ಅಲ್ಲವೇ, ಇದರಲ್ಲಿ ಕೇಳುವುದೇನಿದೆ ಅನ್ನುವ ಧಾಟಿ.

ಮೇಷ್ಟ್ರು ಸಮಾಧಾನವಾಗಿ, ‘ನೋಡಮ್ಮಾ, ಪದ್ಯದಲ್ಲಿ ಎಲ್ಲಾದರೂ ಬಂದಳು, ಹೋದಳು ಅಂತ ಇದೆಯಾ? ಇಲ್ಲ ಅಲ್ವಾ? ಹಾಗಾದ್ರೆ ಹುಡುಗ’ ಅಂದರು.

ಅವಳು ಒಂದು ಗಳಿಗೆ ಯೋಚನೆ ಮಾಡಿ, ‘ಬರೆದೋರಿಗೆ ತಪ್ಪಾಗಿದೆ ಸಾರ್’ ಅಂದಳು.

ಅವತ್ತಿನಿಂದ ಆಟದ ಹೊತ್ತಿನಲ್ಲಿ ಪದ್ಯಕ್ಕೆ ಎರಡು ಪಾಠ. ಹುಡುಗರದು ಪುಸ್ತಕದ್ದು, ಹುಡುಗಿಯರದು ತಿದ್ದಿದ್ದು. ತಿದ್ದಿದ ಪಾಠದಲ್ಲಿ ಪ್ರಾಸ ಎಲ್ಲೂ ಕೆಡುತ್ತಿರಲಿಲ್ಲ, ಯಾಕೆಂದರೆ ಎಲ್ಲ ಕಡೆಯೂ ಒಟ್ಟಿಗೇ ಬದಲಾಯಿಸಿದ್ದೆವು. ನಾನು ಕನ್ನಡ ಮನೆಯ ಹುಡುಗಿಯಾದರೂ ನಿಂತದ್ದು ಆ ಕಡೆಗೇ. ನಾಲ್ಕನೇ ಕ್ಲಾಸಿನಲ್ಲಿದ್ದ ನಮ್ಮಕ್ಕ ಮಾತ್ರ, ‘ಪುಸ್ತಕದಲ್ಲಿ ಇದ್ದ ಹಾಗೆ ಹೇಳ್ರೇ’ ಅಂತ ಬೈಯುತ್ತಿದ್ದಳು.

ಇನ್ನೊಂದು ತಕರಾರು ಕೊಳದ್ದು. ಕಸ್ತೂರಿಯ ತುತ್ತೂರಿ ಜಾರಿ ನೀರಿಗೆ ಬಿದ್ದು, ಬಣ್ಣವೆಲ್ಲ ತೊಳೆದುಹೋಗಿ, ಊದಿದರೆ ಗಂಟಲು ಕಟ್ಟಿದ ಸದ್ದು ಬರುತ್ತದಲ್ಲ, ಆ ಕೊಳ ಎಲ್ಲಿದೆ? ನಮ್ಮೂರಿಗೆ ಕುಡಿಯುವ ನೀರು ಬೇತಮಂಗಲದ ಕೆರೆಯಿಂದ ಪೈಪಿನಲ್ಲಿ ಬರುತ್ತಿತ್ತು. ನಲ್ಲಿ ನಿಂತರೆ ನೀರೂ ನಿಂತ ಹಾಗೆ. ಕೊಳ ಅನ್ನುವುದನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿರಲಿಲ್ಲ. ಕಂಡದ್ದು ಸೈನೈಡ್ ದಿಬ್ಬ. ಕಲ್ಲನ್ನು ನುಣ್ಣಗೆ ಅರೆದು, ಸೈನೈಡಿನಲ್ಲಿ ಚಿನ್ನ ಬಿಡಿಸಿಕೊಂಡು ಉಳಿದ ಬೂದು ಮಣ್ಣನ್ನು ವರ್ಷಗಟ್ಟಲೆ ಸುರಿದು ಎದ್ದ ಗುಡ್ಡಗಳು. ಆಷಾಢದ ಗಾಳಿಗೆ ಆ ಪುಡಿ ಎದ್ದು ಬಂದು ಒಗೆದು ಹಾಕಿದ ಬಟ್ಟೆ, ಹಾಸಿಗೆ, ಅನ್ನದ ತಟ್ಟೆಯವರೆಗೂ ಕೂರುತ್ತಿತ್ತು. ಮಳೆ ಬಂದರೆ ಬುಡದಲ್ಲಿ ಬೂದು ನೀರು ನಿಲ್ಲುತ್ತಿತ್ತು. ಹತ್ತಿರ ಹೋದರೆ ಬೆನ್ನು ಮುರಿಯುತ್ತೇನೆ ಅಂತ ಎಲ್ಲರ ಮನೆಯಲ್ಲೂ ಹೇಳಿಟ್ಟಿದ್ದರು. ನಮ್ಮ ತೀರ್ಮಾನ ಸರಳವಾಗಿತ್ತು. ಕಸ್ತೂರಿ ಹೋದದ್ದು ಅಲ್ಲಿಗೇ. ಸೈನೈಡ್ ನೀರಿಗೆ ಬಿದ್ದ ಮೇಲೆ ತುತ್ತೂರಿಯ ಬಣ್ಣ ಉಳಿಯುತ್ತದೆಯೇ? ಜಂಬ ಪಡಬಾರದು ಅಂತ ಕವಿ ಹೇಳಿದ್ದನ್ನು ನಾವು ಸೈನೈಡ್ ದಿಬ್ಬದ ಹತ್ತಿರ ಹೋಗಬಾರದು ಅಂತ ಓದಿಕೊಂಡೆವು.

ನಾಯಿಮರಿ ಪದ್ಯವಂತೂ ನಮ್ಮೂರಿಗೇ ಬರೆದಂತಿತ್ತು. ಆ ಪದ್ಯದಲ್ಲಿ ಮರಿಗೆ ತಿಂಡಿ ಯಾಕೆ ಬೇಕು, ಕಳ್ಳ ಬಂದರೆ ಏನು ಮಾಡುತ್ತೀಯ ಅಂತೆಲ್ಲ ಕೇಳಿ, ಉತ್ತರ ಒಪ್ಪಿಗೆಯಾದ ಮೇಲೆ ತಿಂಡಿ ತರಲು ಹೋಗುತ್ತಾರೆ. ಬೇರೆ ಊರಿನ ಮಕ್ಕಳಿಗೆ ಕಳ್ಳ ಅಂದರೆ ಯಾರೋ ಮೀಸೆಯವನು. ನಮಗೆ ಕಳ್ಳ ಅಂದರೆ ಗಣಿಯಿಂದ ಚಿನ್ನದ ಕಲ್ಲು ಕದ್ದು ತರುವವನು. ಶಾಫ್ಟಿನಿಂದ ಮೇಲೆ ಬಂದವರನ್ನು ತಡಕಿ ನೋಡಿಯೇ ಆಚೆಗೆ ಬಿಡುತ್ತಿದ್ದರು. ಆ ಕೆಲಸಕ್ಕೆ ವಾಚ್ ಅಂಡ್ ವಾರ್ಡ್ ಅಂತ ಇಲಾಖೆಯೇ ಇತ್ತು. ಹಾಗಾಗಿ ನಮ್ಮ ಆಟದಲ್ಲಿ ನಾಯಿಮರಿಯೇ ವಾಚ್ ಅಂಡ್ ವಾರ್ಡು. ಕಳ್ಳನಾದವನು ಚಡ್ಡಿ ಜೇಬಿನಲ್ಲಿ ಒಂದು ಮಿಣುಕು ಕಲ್ಲು ಇಟ್ಟುಕೊಂಡು ಲೈನಿನ ಕೊನೆಯಿಂದ ಬರಬೇಕು, ಮರಿ ಬೊಗಳಿ ಹಿಡಿಯಬೇಕು, ಜೇಬು ತಡಕಬೇಕು. ಮರಿಯಾದವರಿಗೆ ತಿಂಡಿ ಖಂಡಿತ, ಸಾಮಾನ್ಯವಾಗಿ ಒಂದು ಹಿಡಿ ಹುರಿಗಡಲೆ. ಕಳ್ಳನಾಗಲು ಯಾರೂ ಒಪ್ಪುತ್ತಿರಲಿಲ್ಲ. ಅವರವರ ಮನೆಯಲ್ಲಿ ಆ ಮಾತನ್ನು ತಮಾಷೆಗೂ ಆಡುವಂತಿರಲಿಲ್ಲ ಅಂತ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ.

ನಾಯಿಮರಿ ಪದ್ಯವನ್ನು ನಾವು ಹಾಡುತ್ತಿದ್ದ ರಾಗ ಒಂದು ತಮಿಳು ಸಿನಿಮಾ ಹಾಡಿನದು. ಮದುವೆ ಮನೆಯ ಲೌಡ್‌ಸ್ಪೀಕರಿನಲ್ಲಿ ದಿನವೆಲ್ಲ ಕೇಳಿ ಕೇಳಿ ತಾನಾಗಿ ಕೂತಿತ್ತು. ಅದರ ಮೇಲೆ ಕನ್ನಡದ ಮಾತುಗಳು ಎಲ್ಲೂ ಎಳೆದಾಡದೆ ಕೂರುತ್ತಿದ್ದವು. ಈಗ ಯೋಚಿಸಿದರೆ ರಾಜರತ್ನಂ ಅವರ ಕೈಚಳಕ ಇದೇ ಅನ್ನಿಸುತ್ತದೆ. ಅವರ ಸಾಲಿನಲ್ಲಿ ಮಗು ಎಡವುವ ಅಕ್ಷರ ಇರುವುದಿಲ್ಲ. ಒತ್ತಕ್ಷರ ಬಂದರೂ ಅದು ನಾಲಗೆಗೆ ಆಟವಾಗುವ ಒತ್ತಕ್ಷರ. ಮನೆಯಲ್ಲಿ ತಮಿಳಾಡುವ ಮಗುವಿಗೆ ಮಹಾಪ್ರಾಣ ಕಷ್ಟ. ಈ ಪದ್ಯಗಳಲ್ಲಿ ಆ ಕಷ್ಟ ಅಪರೂಪ. ಬೇಕೆಂದೇ ಮಾಡಿದ್ದಲ್ಲ, ಆಡುಮಾತಿಗೆ ಕಿವಿ ಕೊಟ್ಟವರಿಗೆ ಅದು ತಾನಾಗಿ ಆಗುತ್ತದೆ.

ಒಂದು ಬೆಳಿಗ್ಗೆ ಕ್ಲಾಸು ನಡೆಯುತ್ತಿದ್ದಾಗ ನೆಲ ಗುಡುಗಿತು. ಕಿಟಕಿಯ ಕಂಬಿಗಳು ಗಡಗಡ ಅಂದವು, ಮೂಲೆಯಲ್ಲಿದ್ದ ನೀರಿನ ಬಿಂದಿಗೆಯ ಮೇಲಿನ ಲೋಟ ಉರುಳಿ ಬಿತ್ತು. ರಾಕ್ ಬರ್ಸ್ಟ್. ಅಷ್ಟು ಆಳದಲ್ಲಿ, ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಆಳ, ಒತ್ತಡ ತಾಳದೆ ಬಂಡೆ ಸಿಡಿಯುವುದು. ಯಾರೂ ಅಳಲಿಲ್ಲ. ಯಾರ ಅಪ್ಪ ಯಾವ ಶಿಫ್ಟು ಅನ್ನುವುದು ಆ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಒಂದಿಬ್ಬರ ಮುಖವನ್ನೇ ನೋಡುತ್ತಿದ್ದೆವು. ಮೇಷ್ಟ್ರು ಬಗ್ಗಿ ಲೋಟ ಎತ್ತಿಟ್ಟು, ಗಟ್ಟಿ ದನಿಯಲ್ಲಿ ನಾಯಿಮರಿ ಪದ್ಯ ಶುರು ಮಾಡಿದರು. ಬಿಡದೆ ಹೇಳಿಸಿದರು, ಮಧ್ಯಾಹ್ನದವರೆಗೆ, ಮನೆಯವರು ಬಂದು ಮಕ್ಕಳನ್ನು ಕರೆದುಕೊಂಡು ಹೋಗುವವರೆಗೆ. ಆವತ್ತು ನಮ್ಮ ಕ್ಲಾಸಿನ ಯಾರ ಮನೆಗೂ ಕೆಟ್ಟ ಸುದ್ದಿ ಬರಲಿಲ್ಲ. ಬಂದ ದಿನಗಳೂ ಇದ್ದವು.

ರಜ ಬಂದರೆ ಬಂಗಾರಪೇಟೆಗೆ, ಸೋದರಮಾವನ ಮನೆಗೆ. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರ್ಗಾಂ, ಕೋರಮಂಡಲ್ ಅಂತ ನಿಂತು ನಿಂತು ಹೋಗುವ ರೈಲು. ಗಣಿಗೆ ಯಂತ್ರ, ಕಲ್ಲಿದ್ದಲು ತರಲು 1894ರಲ್ಲಿ ಹಾಕಿದ ದಾರಿ. ಹದಿನೈದು ಹದಿನಾರು ಕಿಲೋಮೀಟರಿನ ಆ ದಾರಿಯಲ್ಲಿ ಭಾಷೆ ಮೆಲ್ಲಗೆ ಬದಲಾಗುತ್ತಿತ್ತು. ಬಂಗಾರಪೇಟೆಯಲ್ಲಿ ಇಳಿದರೆ ಪ್ಲಾಟ್‌ಫಾರಂನಲ್ಲಿ ಕನ್ನಡ ಕೇಳಿಸುತ್ತಿತ್ತು, ಬೇಯಿಸಿದ ಕಡಲೆಕಾಯಿ ಮಾರುವವನ ಕೂಗೇ ಕನ್ನಡ. ಅಜ್ಜಿಗೆ ಮಾತ್ರ ಅದು ಕೊನೆಯವರೆಗೂ ಬೌರಿಂಗ್‌ಪೇಟೆ. ಕಮಿಷನರ್ ಬೌರಿಂಗ್ ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಸ್ಟೇಷನ್ನಿನ ಇನ್ನೊಂದು ಪಕ್ಕದಲ್ಲಿ ಕೋಲಾರಕ್ಕೆ ಹೋಗುವ ಚಿಕ್ಕ ಗೇಜಿನ ರೈಲು ನಿಂತಿರುತ್ತಿತ್ತು. 1913ರಿಂದ ಓಡುತ್ತಿದ್ದ ರೈಲು, ನಮ್ಮ ಕಣ್ಣಿಗೆ ರಾಜರತ್ನಂ ಪದ್ಯದ ಸಾಮಾನಿನ ಹಾಗೆ. ದೊಡ್ಡವರು ಅದರಿಂದ ಇಳಿದು ಬೀಡಿ ಹಚ್ಚಿಕೊಂಡು ಮತ್ತೆ ಹತ್ತುತ್ತಾರೆ ಅಂತ ಮಾವ ಹೇಳುತ್ತಿದ್ದರು. ನಾವು ನಂಬಿದ್ದೆವು.

ಪುಸ್ತಕ ಅನ್ನುವ ವಸ್ತು ಸಿಕ್ಕಿದ್ದು ಈ ಸೋದರಮಾವನ ಮನೆಯಲ್ಲಿ. ಹುಣಿಸೆಹಣ್ಣು ತುಂಬಿದ ಮಂಕರಿಗಳ ಪಕ್ಕದಲ್ಲೇ ಒಂದು ಗೋಡೆ ಬೀರು. ಅದರಲ್ಲಿ ‘ಜೀವನ’ ಪತ್ರಿಕೆಯ ಹಳೆಯ ಸಂಚಿಕೆಗಳು, ಮಾಸ್ತಿಯವರ ಕಥೆಗಳು, ಡಿವಿಜಿಯವರ ಕಗ್ಗ. ಮಾವನಿಗೆ ಇವರಿಬ್ಬರೂ ಸ್ವಂತ ನೆಂಟರ ಹಾಗೆ. ಮಾಸ್ತಿ ಊರು ಮಾಲೂರು ತಾಲ್ಲೂಕು, ಡಿವಿಜಿ ಮುಳಬಾಗಿಲಿನವರು, ಎರಡೂ ನಮ್ಮ ಜಿಲ್ಲೆ. ‘ಡಿವಿಜಿ ನಿಮ್ಮ ಕೆಜಿಎಫ್‌ನಲ್ಲಿ ಸೋಡಾ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ರು ಕಣಮ್ಮ, ಗೊತ್ತಾ?’ ಅಂತ ಪ್ರತಿ ರಜದಲ್ಲೂ ಹೇಳುತ್ತಿದ್ದರು. ನಮಗೆ ಸೋಡಾ ಮೇಲೆ ಗೌರವ ಹೆಚ್ಚಾಯಿತು. ಕೆಳಗಿನ ಅರೆಯಲ್ಲಿ, ನಮ್ಮ ಕೈಗೆ ಎಟುಕುವಲ್ಲಿ, ತೆಳ್ಳನೆಯ ಪುಟ್ಟ ಪುಸ್ತಕಗಳಿದ್ದವು: ‘ತುತ್ತೂರಿ’, ‘ಕಡಲೆಪುರಿ’. ತುತ್ತೂರಿ ಪುಸ್ತಕವನ್ನು ಬಿಡಿಸಿ ನೋಡಿದ ಅಕ್ಕ, ‘ಅಯ್ಯೋ, ಇದು ನಮ್ಮ ಸ್ಕೂಲಿನ ಪದ್ಯ, ಇಲ್ಲಿ ಯಾರೋ ಹಾಕಿಕೊಂಡಿದಾರೆ!’ ಅಂದಳು. ಮಾವ ನಕ್ಕು, ಹಾಕಿಕೊಂಡದ್ದಲ್ಲ, ಇವರೇ ಬರೆದದ್ದು ಅಂದಾಗಲೇ ನಮಗೆ ರಾಜರತ್ನಂ ಅನ್ನುವ ಹೆಸರು ತಿಳಿದದ್ದು.

ಮಾವನಿಂದಲೇ ಉಳಿದದ್ದೂ ತಿಳಿಯಿತು. ರಾಜರತ್ನಂ ಎಂ.ಎ. ಮಾಡಿ ಬಂದವರು ಕೆಲಸ ಸಿಗುವವರೆಗೆ ತಂದೆ ನಡೆಸುತ್ತಿದ್ದ ಶಿಶುವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಅಲ್ಲಿನ ಪಠ್ಯದ ಪದ್ಯಗಳು ಮಕ್ಕಳ ಬಾಯಿಗೆ ಹತ್ತುವಂಥವಲ್ಲ ಅಂತ ಕಂಡು ತಾವೇ ಬರೆಯಲು ಕೂತರು. ‘ತುತ್ತೂರಿ’ ಹುಟ್ಟಿದ್ದು ಹಾಗೆ. ಆಮೇಲೆ ಮೈಸೂರು, ಬೆಂಗಳೂರು, ತುಮಕೂರು, ಶಿವಮೊಗ್ಗ ಅಂತ ಕಾಲೇಜುಗಳಲ್ಲಿ ಕನ್ನಡ ಕಲಿಸಿದರು. ಶಾಕ್ಯ ಸಾಹಿತ್ಯ ಮಂಟಪ ಅಂತ ಸ್ವಂತ ಪ್ರಕಟಣೆ ಮಾಡಿ, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮಾರಿದರು. ಎಂ.ಎ. ಓದಿದವರು ಪುಸ್ತಕ ಹೊತ್ತು ಮಾರುವುದೇ ಅಂತ ಅತ್ತೆ ಕೇಳಿದರೆ, ಮಾವ, ‘ಹೊತ್ತು ಮಾರಿದ್ದಕ್ಕೇ ಕಣೇ ನಮ್ಮ ಮನೆಗೂ ಬಂದದ್ದು’ ಅನ್ನುತ್ತಿದ್ದರು.

ಮಾವ ಒಂದು ಪುಸ್ತಕವನ್ನು ಮಾತ್ರ ಮೇಲಿನ ಅರೆಯಲ್ಲಿ, ಕಗ್ಗದ ಹಿಂದೆ ಇಟ್ಟಿದ್ದರು. ‘ರತ್ನನ ಪದಗಳು’. ಅದು ಹೆಂಡ ಕುಡಿಯುವವನ ಪದ, ಮಕ್ಕಳಿಗಲ್ಲ. ತುತ್ತೂರಿ ಬರೆದವರೇ ಹೆಂಡದ ಪದ ಬರೆದಿದ್ದಾರೆ ಅಂದರೆ ನಂಬುವುದು ಹೇಗೆ? ಬರೆದವರು ಹೆಂಡ ಮುಟ್ಟದ ಅಯ್ಯಂಗಾರ್ ಮೇಷ್ಟ್ರು ಅಂದರೆ ಇನ್ನೂ ಗಲಿಬಿಲಿ. ಕೆಜಿಎಫ್‌ನಲ್ಲಿ ಹೆಂಡ, ಸಾರಾಯಿ ಅಂದರೆ ಪುಸ್ತಕದ ಮಾತಲ್ಲ. ಬಟವಾಡೆ ದಿನ ಸಂಜೆಯಾದರೆ ಅಮ್ಮ ಬೀದಿ ಕಡೆಯ ಕಿಟಕಿ ಹಾಕಿಬಿಡುತ್ತಿದ್ದರು. ಸಂದಿನಿಂದ ಕೇಳಿಸುತ್ತಿತ್ತು. ಕೆಲವರು ಬೈಯುತ್ತ ಹೋಗುವರು, ಕೆಲವರು ಅಳುತ್ತ. ಎದುರು ಲೈನಿನ ಒಬ್ಬರು ಮಾತ್ರ ಹೆಂಡತಿಯ ಹೆಸರು ಹಿಡಿದು, ಬಹಳ ಮರ್ಯಾದೆಯಿಂದ, ತಪ್ಪಾಯಿತು ಅಂತ ಹಾಡಿನ ಹಾಗೆ ಹೇಳಿಕೊಂಡು ಹೋಗುತ್ತಿದ್ದರು. ಕಾಲೇಜಿಗೆ ಬಂದ ಮೇಲೆ ಮೈಸೂರು ಅನಂತಸ್ವಾಮಿಯವರ ದನಿಯಲ್ಲಿ ರತ್ನನನ್ನೂ ಅವನ ಹೆಂಡತಿ ಪುಟ್ನಂಜಿಯನ್ನೂ ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು ಆ ಎದುರು ಲೈನಿನವರು. ಅವರು ಆಡುತ್ತಿದ್ದುದು ತಮಿಳು, ಆದರೂ ಅವರೇ ರತ್ನ. ದೇವರೆದುರಿಗೂ ಕನ್ನಡಕ್ಕಾಗಿ ಹಟ ಹಿಡಿಯುವ ಆ ಕುಡುಕನನ್ನು ರಾಜ್ಯೋತ್ಸವದ ವೇದಿಕೆಯಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಯುತ್ತೇವೆ. ಅವನು ದಿನಗೂಲಿಯವನು, ಹೆಂಡತಿಯ ಮುಂದೆ ತಲೆ ತಗ್ಗಿಸುವವನು ಅನ್ನುವುದು ಆ ಚಪ್ಪಾಳೆಯಲ್ಲಿ ಕೇಳುವುದಿಲ್ಲ.

ಗದ್ಯ ಓದಿದ್ದು ಕೊನೆಗೆ. ತಮ್ಮ ಬದುಕನ್ನು ಕುರಿತು ಬರೆದ ‘ಹತ್ತು ವರುಷ’, ಹೆಸರಿನಲ್ಲೇ ಕುಚೋದ್ಯವಿರುವ ‘ನಿರ್ಭಯಾಗ್ರಫಿ’, ಪಾಲಿ ಕಲಿತು ಕನ್ನಡಕ್ಕೆ ತಂದ ಬುದ್ಧನ ಸಾಹಿತ್ಯ. ಅವರ ಗದ್ಯದಲ್ಲೂ ಅದೇ ಒಂದನೇ ಕ್ಲಾಸಿನ ಮೇಷ್ಟ್ರ ಗುಣ ಇದೆ. ಚಿಕ್ಕ ವಾಕ್ಯ, ಎದುರಿಗೆ ಕೂತವನಿಗೆ ಹೇಳುವ ಧಾಟಿ, ಬೇಕಾದ ಕಡೆ ಒಂದು ಚಿವುಟು. ಎಲ್ಲವೂ ಒಂದೇ ಮಟ್ಟದ್ದು ಅನ್ನಲಾರೆ. ಇಷ್ಟೊಂದು ಬರೆದವರಲ್ಲಿ ಜೊಳ್ಳೂ ಇರುತ್ತದೆ, ಮಕ್ಕಳ ಪದ್ಯಗಳಲ್ಲೇ ಕೆಲವು ಬರೀ ಪ್ರಾಸಕ್ಕಾಗಿ ಓಡುತ್ತವೆ. ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದಾಗ ನನಗೆ ಒಂದು ಕಂಡಿತು. ಈ ಮನುಷ್ಯ ಜೀವನವೆಲ್ಲ ಬೆನ್ನು ಹತ್ತಿದ್ದು ಒಂದೇ ಒಂದನ್ನು, ಜಂಬವನ್ನು. ಕಸ್ತೂರಿಯ ಜಂಬ ನೀರಿಗೆ ಬಿತ್ತು. ‘ಪುರುಷ ಸರಸ್ವತಿ’ಯಲ್ಲಿ ದೊಡ್ಡ ಕವಿಗಳ ಜಂಬವನ್ನು ಅಣಕಿಸಿ ಅದೇ ನೀರಿಗೆ ತಳ್ಳಿದರು. ರತ್ನನಲ್ಲಿ ಜಂಬ ಎಳ್ಳಷ್ಟೂ ಇಲ್ಲ, ಅದಕ್ಕೇ ಅವನ ಮೇಲೆ ಅವರಿಗೆ ಅಷ್ಟು ಪ್ರೀತಿ. ಇಂಥವರನ್ನು ನಾವು ಒಂದನೇ ಕ್ಲಾಸಿನಲ್ಲೇ ಬಿಟ್ಟು ಎರಡನೇ ಕ್ಲಾಸಿಗೆ ಹೋಗಿಬಿಟ್ಟೆವಲ್ಲ ಅಂತ ನನಗೆ ಸಿಟ್ಟಿದೆ. ‘ಕಂದನ ಕಾವ್ಯಮಾಲೆ’ ಬರೆದವರು ಅಂತ ಮುದ್ದು ಮಾಡಿ, ಉಳಿದ ಪುಸ್ತಕಗಳನ್ನು ಬೀರುವಿನಲ್ಲಿ ಮುಚ್ಚಿಟ್ಟೆವು.

1978ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಳನಕ್ಕೆ ರಾಜರತ್ನಂ ಅಧ್ಯಕ್ಷರಾದಾಗ ಮಾವ ಪೇಪರು ಕತ್ತರಿಸಿ ಇಟ್ಟಿದ್ದರು. ಮರುವರ್ಷ ಮಾರ್ಚಿನಲ್ಲಿ ರಾಜರತ್ನಂ ತೀರಿಕೊಂಡರು. ಆ ಹೊತ್ತಿಗೆ ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ, ಅಕ್ಕ ಮದುವೆಯಾಗಿ ತುಮಕೂರು. ಗಣಿಯೂ ಇಳಿಮುಖವಾಗಿತ್ತು. 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಈಗ ಆ ಮಾರಿಕುಪ್ಪಂ ರೈಲಿನಲ್ಲಿ ಕತ್ತಲಲ್ಲಿ ಹೊರಟು ಕತ್ತಲಲ್ಲಿ ವಾಪಸಾಗುವವರು ಸಾವಿರಾರು ಜನ, ಎಲ್ಲ ಬೆಂಗಳೂರಿನ ಕೆಲಸದವರು. ಕೋಲಾರದ ಚಿಕ್ಕ ಗೇಜು ಹೋಗಿ ದೊಡ್ಡದಾಗಿದೆ. ಬಂಗಾರಪೇಟೆ ಅಂದರೆ ಈಗಿನ ಹುಡುಗರಿಗೆ ಗೊತ್ತಿರುವುದು ಬಿಳೀ ನೀರಿನ ಪಾನಿಪುರಿ. ಅದೂ ಚೆನ್ನಾಗಿಯೇ ಇರುತ್ತದೆ.

ಹೋದ ವರ್ಷ ಹಳೇ ಕ್ಲಾಸಿನವರು ಒಂದಷ್ಟು ಜನ ಫೋನಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡೆವು. ‘ಬರೆದೋರಿಗೆ ತಪ್ಪಾಗಿದೆ ಸಾರ್’ ಅಂದಿದ್ದವಳು ವೈಟ್‌ಫೀಲ್ಡಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಮನೆಯಲ್ಲಿ ತಮಿಳು, ಮೊಮ್ಮಗಳ ಸ್ಕೂಲಿನಲ್ಲಿ ಇಂಗ್ಲಿಷು, ಕನ್ನಡಕ್ಕೆ ವಾರಕ್ಕೆರಡು ಪೀರಿಯಡ್ಡು. ಕನ್ನಡ ಪದ್ಯ ಹೇಳುವ ಪರೀಕ್ಷೆ ಬಂದಾಗ ಅಜ್ಜಿಯೇ ಕೂರಿಸಿಕೊಂಡು ತುತ್ತೂರಿ ಕಲಿಸಿದಳಂತೆ. ಹುಡುಗಿ ಕ್ಲಾಸಿನಲ್ಲಿ ಎದ್ದು ನಿಂತು ಸೊಗಸಾಗಿ, ಆದಿಯಿಂದ ಅಂತ್ಯದವರೆಗೆ, ಕಸ್ತೂರಿ ಬಂದಳು ಹೋದಳು ಅಂತಲೇ ಹೇಳಿದ್ದಾಳೆ. ಹತ್ತಕ್ಕೆ ಏಳು ಕೊಟ್ಟಿದ್ದಾರೆ.

ಅಕ್ಕನಿಗೆ ಇದನ್ನು ಹೇಳಿದೆ. ‘ಏಳು ಕೊಟ್ಟಿದ್ದೇ ಜಾಸ್ತಿ ಆಯ್ತು ಕಣೇ’ ಅಂದಳು. ಆಮೇಲೆ, ‘ಯಾವ ರಾಗದಲ್ಲಿ ಹೇಳಿದ್ಲಂತೆ?’ ಅಂತ ಕೇಳಿದಳು.